ತಲೆ ಎತ್ತದ ಊರಿನ ನೇರಳೆ ಹಕ್ಕಿಗಳು

ಬೇಸಿಗೆ ಕಾಲಿಟ್ಟಿತೆಂದರೆ ಆ ಊರಿಗೆ ನೇರಳೆ ಹಕ್ಕಿಗಳು ಬರುತ್ತಿದ್ದವು. ಮಾಗಿದ ನೇರಳೆಹಣ್ಣಿನ ಬಣ್ಣ, ಉದ್ದನೆಯ ರೆಕ್ಕೆ, ತುದಿಯಲ್ಲಿ ಸೀಳಿದ ಬಾಲ. ಹಗಲೆಲ್ಲ ಎಲ್ಲೆಲ್ಲೋ ಅಲೆದು, ಹೊತ್ತು ಮುಳುಗುವಾಗ ಸಾವಿರ ಸಾವಿರವಾಗಿ ಬಂದು ಊರ ಮುಂದಿನ ಹುಣಸೆತೋಪಿನಲ್ಲಿ ಇಳಿಯುತ್ತಿದ್ದವು. ಮೂರು ತಿಂಗಳು ಹೀಗೆ ಬಂದು, ಮೊದಲ ಮಳೆ ಬಿದ್ದ ಮರುದಿನ ಹೊರಟುಹೋಗುತ್ತಿದ್ದವು. ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ ಎಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಅವನ್ನು ನೋಡುವುದು ಹೇಗೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ನೋಡುವುದಕ್ಕೊಂದು ಕಟ್ಟಳೆ ಇತ್ತು. ಸಂಜೆಯಾಗುತ್ತಲೇ ಊರೆಲ್ಲ ತೋಪಿನ ಎದುರಿನ ಬಯಲಿಗೆ ಬಂದು ತಲೆ ತಗ್ಗಿಸಿ ಕೂರಬೇಕು. ಎಲ್ಲರ ಮುಂದೆ ಯಜಮಾನರು ಕೂರುತ್ತಾರೆ. ಹಕ್ಕಿಗಳು ಇಳಿಯಲು ಶುರು ಮಾಡಿದಾಗ ಮೊದಲು ಯಜಮಾನರು ತಲೆ ಎತ್ತುತ್ತಾರೆ. ನೋಡಿ, "ಬಂದವು" ಎನ್ನುತ್ತಾರೆ. ಊರೆಲ್ಲ "ಬಂದವು" ಎಂದು ತಲೆ ಎತ್ತುತ್ತದೆ. ಯಜಮಾನರ ತಲೆಗಿಂತ ಮೊದಲು ಯಾರ ತಲೆಯೂ ಏಳಬಾರದು, ಅದಕ್ಕಿಂತ ಮೇಲೆ ಯಾರ ತಲೆಯೂ ಹೋಗಬಾರದು. ಬಯಲು ಬಿಟ್ಟು ಬೇರೆ ಎಲ್ಲಿಂದಲೂ ಆ ಹೊತ್ತಿನಲ್ಲಿ ಆಕಾಶ ನೋಡಬಾರದು.

ಹಿಂದೊಮ್ಮೆ ಯಾರೋ ಆತುರಗಾರ ಹಕ್ಕಿಗಳು ಇಳಿಯುವ ಮೊದಲೇ ಎದ್ದು ನಿಂತು ಕೈಮಾಡಿ ಕೂಗಿದನಂತೆ. ಬೆದರಿದ ಹಕ್ಕಿಗಳು ಆ ವರ್ಷ ತೋಪಿನ ಕಡೆ ತಿರುಗಿಯೂ ನೋಡಲಿಲ್ಲವಂತೆ. ಹಕ್ಕಿಗಳಿಗೆ ತೊಂದರೆಯಾಗದಿರಲಿ ಎಂದು ಹಿರಿಯರು ಮಾಡಿದ ಕಟ್ಟಳೆ ಅದು. ಕೂಗಿದವನ ಹೆಸರು ಮರೆತುಹೋಗಿತ್ತು, ಹಕ್ಕಿಗಳಿಗಾಗಿ ಎಂಬುದೂ ಅರ್ಧ ಮರೆತಿತ್ತು. ಕಟ್ಟಳೆ ಮಾತ್ರ ಚೆನ್ನಾಗಿ ನೆನಪಿತ್ತು.

ಒಂದು ಚಳಿಗಾಲದಲ್ಲಿ ಹಳೆಯ ಯಜಮಾನರು ತೀರಿಕೊಂಡರು. ಊರು ಸೇರಿ ರೇವಪ್ಪಯ್ಯ ಎಂಬುವವನನ್ನು ಯಜಮಾನನನ್ನಾಗಿ ಮಾಡಿತು. ರೇವಪ್ಪಯ್ಯ ಕಂಬಳಿ ನೇಯುವವನು, ಮಾತು ಕಡಿಮೆ. ನಲವತ್ತು ವರ್ಷ ಬಯಲಿನ ಕೊನೆಯ ಸಾಲಿನಲ್ಲಿ ಕೂತು, ಮುಂದಿನವರ ರುಮಾಲುಗಳ ನಡುವಿನ ಸಂದಿಯಲ್ಲಿ ಹಕ್ಕಿ ನೋಡಿದವನು. ಯಜಮಾನಿಕೆ ಬಂದಾಗ ಅವನಿಗೆ ಗದ್ದುಗೆಯೂ ಬೇಕಿರಲಿಲ್ಲ, ಬೆಳ್ಳಿ ಕಟ್ಟಿನ ಕೋಲೂ ಬೇಕಿರಲಿಲ್ಲ. "ಊರೆಲ್ಲ ನೋಡೋ ಮುಂಚೆ ಒಂದು ಉಸಿರು ನನಗೊಬ್ಬನಿಗೇ ಕಾಣ್ತವಲ್ಲ" ಎಂದು ಹೆಂಡತಿಗೆ ಹೇಳಿ ಮಗುವಿನಂತೆ ನಕ್ಕಿದ್ದ.

ಹಕ್ಕಿಗಳು ಬರುವ ಎಂಟು ದಿನ ಮುಂಚೆ ಅಟ್ಟದಿಂದ ಉಣ್ಣೆಯ ಮೂಟೆ ಇಳಿಸುವಾಗ ಮೂಟೆ ಜಾರಿ ಅವನ ಹಿಂದಲೆಯ ಮೇಲೆ ಬಿತ್ತು. ಗಲ್ಲ ಹೋಗಿ ಎದೆಗೆ ತಾಗಿತು. ತಾಗಿದ್ದು ಅಲ್ಲೇ ನಿಂತಿತು. ನಾಟಿ ವೈದ್ಯ ಬಂದು ಎಣ್ಣೆ ತಿಕ್ಕಿದ, ಬಿಸಿ ಮರಳಿನ ಗಂಟು ಇಟ್ಟ, ಎರಡು ಕೈಯಿಂದ ತಲೆ ಹಿಡಿದು ಎಳೆದ. ಕೊನೆಗೆ ಕೈ ಒರೆಸಿಕೊಂಡು, "ಇದು ಇನ್ನು ಏಳೋದಿಲ್ಲ ಯಜಮಾನ್ರೇ. ಕೆಳಗೆ ನೋಡೋದು ಅಭ್ಯಾಸ ಮಾಡ್ಕೊಳ್ಳಿ" ಎಂದ.

ರೇವಪ್ಪಯ್ಯನಿಗೆ ನಾಚಿಕೆಯಾಯಿತು. ತಲೆ ಎತ್ತುವುದೇ ಯಜಮಾನನ ಕೆಲಸ. ತಲೆ ಎತ್ತಲಾರೆ ಎಂದು ಹೇಳುವುದು ಹೇಗೆ? ಯಾರಿಗೂ ಹೇಳಬಾರದೆಂದು ವೈದ್ಯನಿಗೆ ಆಣೆ ಹಾಕಿ, ಆ ಎಂಟು ದಿನ ಮನೆ ಬಿಟ್ಟು ಹೊರಬರಲಿಲ್ಲ.

ಮೊದಲ ಸಂಜೆ ಬಂತು. ಊರು ತಲೆ ತಗ್ಗಿಸಿ ಕೂತಿತು. ದೂರದಲ್ಲಿ ಗುಲ್ಲು ಕೇಳಿಸಿತು, ಹತ್ತಿರವಾಯಿತು, ಬಯಲ ಮೇಲೆ ಬಂತು. ರೆಕ್ಕೆಗಳ ಗಾಳಿ ಸಾವಿರ ಜನರ ಕತ್ತಿಗೆ ತಂಪಾಗಿ ತಾಗಿತು. ರೇವಪ್ಪಯ್ಯ ಹಲ್ಲು ಕಚ್ಚಿ ಕುತ್ತಿಗೆ ಎತ್ತಲು ನೋಡಿದ. ಕಣ್ಣಲ್ಲಿ ನೀರು ಬಂತು, ಕುತ್ತಿಗೆ ಬರಲಿಲ್ಲ. ಕಡೆಗೆ ತನ್ನ ಮಂಡಿಗಳನ್ನೇ ನೋಡುತ್ತ, "ಬಂದವು" ಎಂದ.

"ಬಂದವು" ಎಂದಿತು ಊರು. ಆದರೆ ಯಜಮಾನರ ತಲೆ ಏಳಲಿಲ್ಲ. ಹಾಗಾಗಿ ಯಾರ ತಲೆಯೂ ಏಳಲಿಲ್ಲ. ಕತ್ತಲಾಗುವವರೆಗೆ ಎಲ್ಲರೂ ತಮ್ಮ ತಮ್ಮ ಮಂಡಿ ನೋಡಿಕೊಂಡು ಕೂತು ಮನೆಗೆ ಹೋದರು.

ಮರುದಿನ ಇದೇ ಮಾತು. ಆ ಊರಿನಲ್ಲಿ ಭುಜಂಗರಾಯ ಎಂಬುವವನಿದ್ದ. ಮದುವೆಯಲ್ಲಿ ಹಾರೈಕೆ, ಸಾವಿನಲ್ಲಿ ಸಮಾಧಾನ, ಎರಡನ್ನೂ ಒಂದೇ ರಾಗದಲ್ಲಿ ಹೇಳಬಲ್ಲವನು. ಅವನು ಕಟ್ಟೆಯ ಮೇಲೆ ಕೂತು, "ಅದು ವಿನಯ, ತಿಳೀತೇನ್ರಪ್ಪಾ? ಇಷ್ಟು ದೊಡ್ಡ ಪದವಿ ಸಿಕ್ಕರೂ ತಲೆ ಎತ್ತದವರು ಈ ಊರಲ್ಲಿ ಇವರೇ ಮೊದಲು" ಎಂದ. ಜನ ಬೆರಗಾದರು. ಎರಡು ದಿನದಲ್ಲಿ ಊರಿನ ಗಣ್ಯರೆಲ್ಲ ಬೀದಿಯಲ್ಲಿ ಗಲ್ಲವನ್ನು ಎದೆಗಿಟ್ಟುಕೊಂಡು ಓಡಾಡತೊಡಗಿದರು. ಒಬ್ಬರಿಗೊಬ್ಬರು ಡಿಕ್ಕಿ ಹೊಡೆದಾಗ, "ತಮ್ಮ ವಿನಯ ದೊಡ್ಡದು", "ಇಲ್ಲ ಇಲ್ಲ, ತಮ್ಮದೇ" ಎಂದು ಹಣೆ ಉಜ್ಜಿಕೊಳ್ಳುತ್ತಿದ್ದರು.

ಆದರೂ ಹಕ್ಕಿ ಕಾಣದ ಕೊರಗು ಇದ್ದೇ ಇತ್ತು. ಮುದುಕಿಯೊಬ್ಬಳು, "ನಾ ಮುಂದಿನ ವರ್ಷ ಇರ್ತೀನೋ ಇಲ್ಲವೋ, ಒಂದು ಸಲ ನೋಡಬೇಕಪ್ಪಾ" ಎಂದು ಅತ್ತಳು. ಅದಕ್ಕೂ ಭುಜಂಗರಾಯನ ಬಳಿ ದಾರಿ ಇತ್ತು. "ನೀವು ತಲೆ ಎತ್ತೋದೇನೂ ಬೇಡ. ಹಕ್ಕಿಗಳು ಹೇಗೆ ಇಳೀತಾವೆ ಅಂತ ನಾನು ಹೇಳ್ತೀನಿ. ಕೇಳಿದರೆ ನೋಡಿದ ಹಾಗೇ."

"ನೀವೂ ತಲೆ ಬಗ್ಗಿಸಿರ್ತೀರಲ್ಲ ರಾಯರೇ, ನಿಮಗೆ ಹೇಗೆ ಕಾಣ್ತದೆ?" ಎಂದು ಯಾರೋ ಕೇಳಿದರು.

"ಐವತ್ತು ವರ್ಷ ನೋಡಿದ್ದೀನಿ. ಹೊಸದಾಗಿ ನೋಡೋದೇನಿದೆ?"

ಅಂದಿನಿಂದ ಸಂಜೆ ಸಂಜೆ ವರ್ಣನೆ ನಡೆಯಿತು. ಭುಜಂಗರಾಯ ನೆಲ ನೋಡುತ್ತ, "ಇಗೋ, ಮೂಡಣದಿಂದ ಒಂದು ಸಾಲು! ಇಗೋ, ಪಡುವಣದಿಂದ ಎರಡು ಸಾಲು! ಆಹಾ, ಏನು ಬಣ್ಣ!" ಎನ್ನುತ್ತಿದ್ದ. ಊರು ನೆಲ ನೋಡುತ್ತ "ಆಹಾ" ಎನ್ನುತ್ತಿತ್ತು. ಹಿಂದಿನ ಸಾಲಿಗೆ ಕೇಳಿಸುವುದಿಲ್ಲ ಎಂದು ದೂರು ಬಂದಾಗ ನಾಲ್ಕು ಮೂಲೆಗೆ ನಾಲ್ವರು ಕಹಳೆಯವರನ್ನು ನಿಲ್ಲಿಸಿದರು. ಒಂದು ವಾಕ್ಯ ಮುಗಿದರೆ ಒಂದು ಸಲ ಕಹಳೆ; ಆಗ ಹಿಂದಿನವರೂ ಸರಿಯಾದ ಹೊತ್ತಿಗೆ "ಆಹಾ" ಎನ್ನಬಹುದು.

ಕಹಳೆ ಊದಿದ ನಾಲ್ಕನೆಯ ಸಂಜೆ ನೇರಳೆ ಹಕ್ಕಿಗಳು ತೋಪಿನ ಮೇಲೆ ಮೂರು ಸುತ್ತು ಹಾಕಿ, ಇಳಿಯದೆ, ಉತ್ತರಕ್ಕೆ ಹೊರಟುಹೋದವು. ಅಂದಿನ ವರ್ಣನೆ ಬಹಳ ಚೆನ್ನಾಗಿತ್ತು ಎಂದು ಜನ ಮಾತಾಡಿಕೊಂಡರು.

ಇದನ್ನು ಮೊದಲು ಬಾಯಿಬಿಟ್ಟು ಹೇಳಿದವಳು ಸಂಕವ್ವ. ಸಂಕವ್ವ ಹುಣಸೆತೋಪು ಗುಡಿಸುವವಳು. ಗಂಡ ಸತ್ತು ಬಹಳ ಕಾಲವಾಗಿತ್ತು. ದಿನ ಬೆಳಗಾದರೆ ಮರಗಳ ಬುಡದಲ್ಲಿ ಬಿದ್ದ ಹಿಕ್ಕೆಯನ್ನೆಲ್ಲ ಗುಡಿಸಿ, ಬುಟ್ಟಿಯಲ್ಲಿ ಹೊತ್ತು ತನ್ನ ಗುಡಿಸಲಿನ ಹಿಂದಿನ ಸೋರೆಬಳ್ಳಿಗೆ ಹಾಕುವಳು. ಅವಳ ತಾಯಿಯೂ ಅದೇ ಕೆಲಸ ಮಾಡಿದ್ದಳು. ಆ ಬೆಳಿಗ್ಗೆ ಪೊರಕೆ ಹಿಡಿದು ಬಂದರೆ ನೆಲದ ಮೇಲೆ ಹುಣಸೆ ಎಲೆ ಬಿಟ್ಟು ಏನೂ ಇಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಅವಳು ಭುಜಂಗರಾಯನ ಮನೆಯ ಜಗಲಿಯ ಮುಂದೆ ನಿಂತಳು.

"ರಾಯರೇ, ಹಕ್ಕಿ ಬರ್ತಿಲ್ಲ."

"ಯಾರು ಹೇಳಿದರು? ನೆನ್ನೆ ತಾನೇ ಏಳು ಸಾಲು ಇಳಿಸಿದ್ದೀನಿ."

"ಇಳಿಸಿರಬಹುದು. ಹಿಕ್ಕೆ ಇಲ್ಲ."

"ನೋಡು ಸಂಕವ್ವ, ಗುಡಿಸೋಳು ನೆಲ ನೋಡ್ಬೇಕು. ಆಕಾಶದ ವಿಚಾರ ನಿನಗ್ಯಾಕೆ?"

"ನೆಲ ನೋಡಿಯೇ ಹೇಳ್ತಿದ್ದೀನಿ ನಾನು" ಎಂದಳು ಸಂಕವ್ವ.

ಭುಜಂಗರಾಯ ಎದ್ದು ಬಂದು ಬಾಗಿಲು ಮುಂದೆ ಮಾಡಿದ. ಒಂದು ಗಳಿಗೆ ಅವನ ಮುಖ ಸಣ್ಣದಾಯಿತು. ಆಮೇಲೆ ಗಂಟಲು ಸರಿಮಾಡಿಕೊಂಡು, "ಹಿಕ್ಕೆ ಇಲ್ಲದಿದ್ದರೆ ಜನ ಗಾಬರಿಯಾಗ್ತಾರೆ. ನಾಳೆಯಿಂದ ಬೆಳಕು ಹರಿಯೋ ಮುಂಚೆ ಮರದ ಬುಡಕ್ಕೆ ಸುಣ್ಣದ ನೀರು ಚಿಮುಕಿಸು. ಸೂರ್ಯ ಹುಟ್ಟಿದ ಮೇಲೆ ಗುಡಿಸು" ಎಂದ.

"ನಾನೇ ಚೆಲ್ಲಿ ನಾನೇ ಗುಡಿಸೋದಾ?"

"ಕೆಲಸ ಬೇಕೋ ಬೇಡವೋ?"

ಸಂಕವ್ವನಿಗೆ ಕೆಲಸ ಬೇಕಿತ್ತು. ಐದು ದಿನ ಸುಣ್ಣ ಚಿಮುಕಿಸಿದಳು, ಐದು ದಿನ ಗುಡಿಸಿದಳು. ದಾರಿಯಲ್ಲಿ ಹೋಗುವವರು ಬಿಳಿಯ ಚುಕ್ಕೆ ನೋಡಿ, "ಈ ವರ್ಷ ಹಕ್ಕಿ ಜಾಸ್ತಿ" ಎಂದು ಕೈಮುಗಿದು ಹೋಗುತ್ತಿದ್ದರು. ಆರನೆಯ ದಿನ ಅವಳ ಅಂಗೈ ಸುಣ್ಣಕ್ಕೆ ಬಿರಿದು ರಕ್ತ ಬಂತು. ಸೋರೆಬಳ್ಳಿ ಬಾಡಿತು. ಅಂದು ಸಂಜೆ ಬಯಲಿನಲ್ಲಿ ಎಲ್ಲರ ಹಾಗೆ ತಲೆ ತಗ್ಗಿಸಿ ಕೂತಿದ್ದವಳಿಗೆ ಇದ್ದಕ್ಕಿದ್ದ ಹಾಗೆ ಒಂದು ವಿಚಾರ ಹೊಳೆಯಿತು. ಎಲ್ಲರೂ ನೆಲ ನೋಡುತ್ತಿದ್ದಾರೆ. ತಾನು ಎದ್ದು ನಿಂತರೆ ನೋಡುವವರು ಯಾರು?

ಎದ್ದು ನಿಂತಳು. ಏನೂ ಆಗಲಿಲ್ಲ. ಬಾಗಿದ ಸಾವಿರ ಬೆನ್ನುಗಳ ನಡುವೆ ಸೀರೆಯ ನೆರಿಗೆ ಎತ್ತಿಹಿಡಿದು ನಡೆದಳು. ಕಹಳೆಯವನ ಪಕ್ಕದಲ್ಲೇ ಹಾದುಹೋದಳು. ಅವನೂ ನೆಲ ನೋಡಿಕೊಂಡೇ ಊದುತ್ತಿದ್ದ. ಬಯಲು ದಾಟಿ ಆಕಾಶ ನೋಡಿದರೆ ನಾಲ್ಕೈದು ಹಕ್ಕಿಗಳು ಬಿರಬಿರನೆ ಉತ್ತರಕ್ಕೆ ಹೋಗುತ್ತಿದ್ದವು. ಅವುಗಳ ಹಿಂದೆಯೇ ಹೋದಳು. ಅರ್ಧ ಹರದಾರಿ ಆಚೆ, ಯಾರೂ ಬಳಸದ ಹೂಳು ತುಂಬಿದ ಕೆರೆಯೊಂದಿತ್ತು. ಆಳೆತ್ತರ ಜೊಂಡು ಬೆಳೆದಿತ್ತು. ಅದರ ಮೇಲೆ ಆಕಾಶವೇ ತಿರುಗುತ್ತಿತ್ತು.

ಮರುದಿನ ಅವಳು ಯಜಮಾನರ ಮನೆಗೆ ಹೋದಳು. ರೇವಪ್ಪಯ್ಯ ಮಗ್ಗದ ಮುಂದೆ ಕೂತಿದ್ದ. ಬಗ್ಗಿದ ತಲೆಗೆ ಕಾಣುವ ಕೆಲಸ ಅದೊಂದೇ.

"ಯಜಮಾನ್ರೇ, ಒಂದು ಮಾತು ಹೇಳ್ತೀನಿ, ಬೈಬೇಡಿ. ಹಕ್ಕಿ ತೋಪಿಗೆ ಬರ್ತಿಲ್ಲ."

ಲಾಳಿ ನಿಂತಿತು. "ಗೊತ್ತು" ಎಂದ ರೇವಪ್ಪಯ್ಯ. "ಹತ್ತು ದಿನ ಆಯ್ತು, ಕತ್ತಿಗೆ ಗಾಳಿ ತಾಗಿಲ್ಲ."

"ಮತ್ತೆ ದಿನಾ 'ಬಂದವು' ಅಂತೀರಲ್ಲ?"

"ವಿನಯ ಅಂತ ಹೊಗಳಿಬಿಟ್ಟರು ಸಂಕವ್ವ. ಇದು ವಿನಯ ಅಲ್ಲ, ಮೂಟೆ ಬಿದ್ದದ್ದು. ಅದನ್ನ ಹೇಳೋಕೆ ಮೊದಲ ದಿನವೇ ಧೈರ್ಯ ಬರಲಿಲ್ಲ. ಒಂದು ಸುಳ್ಳಿನ ಮೇಲೆ ಕೂತವನಿಗೆ ಇನ್ನೊಂದು ಏನು ಭಾರ?"

"ಕುತ್ತಿಗೆ ಏಳೋದೇ ಇಲ್ವಾ?"

"ಏಳೋದಿಲ್ಲ. ಯಜಮಾನ ಆದ ಮೇಲೆ ಒಂದು ಹಕ್ಕೀನೂ ನೋಡಿಲ್ಲ ನಾನು."

ಸಂಕವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು, ಒಂದು ಮರವನ್ನೋ ಗೋಡೆಯನ್ನೋ ನೋಡುವ ಹಾಗೆ. "ಅಂಗಾತ ಮಲಗಿದರೆ ಆಕಾಶ ಕಾಣ್ಬೇಕಲ್ಲ? ತಲೆ ಎತ್ತೋದು ಯಾಕೆ?" ಎಂದಳು.

ರೇವಪ್ಪಯ್ಯ ಲಾಳಿಯನ್ನು ಪಕ್ಕಕ್ಕಿಟ್ಟ. ವೈದ್ಯನಿಗೂ ಹೊಳೆಯದ, ತನಗೂ ಹೊಳೆಯದ ಮಾತು ಅದು. ಯಜಮಾನರಾದವರು ಊರ ಮುಂದೆ ಮಣ್ಣಿನಲ್ಲಿ ಮಲಗಬಹುದು ಎಂದು ಯಾರಿಗೆ ತಾನೇ ಹೊಳೆದೀತು?

ಅಂದು ಸಂಜೆ ಯಜಮಾನರಿಗೆ ಮೈ ಸರಿಯಿಲ್ಲ ಎಂದು ಹೆಂಡತಿ ಹೇಳಿಕಳಿಸಿದಳು. ಭುಜಂಗರಾಯ, "ಚಿಂತೆಯಿಲ್ಲ, ಅವರು ಮನೆಯಿಂದಲೇ ತಲೆ ತಗ್ಗಿಸಿದ್ದಾರೆ" ಎಂದು ಸಾರಿ ವರ್ಣನೆ ಶುರುಮಾಡಿದ. ಆ ಹೊತ್ತಿಗೆ ಸಂಕವ್ವ ಯಜಮಾನನ ಕೈ ಹಿಡಿದು ಜೊಂಡಿನ ಕೆರೆಯ ಏರಿ ಹತ್ತಿಸುತ್ತಿದ್ದಳು. ಒಣಹುಲ್ಲು ಹರವಿ, ಅವನ ರುಮಾಲನ್ನೇ ಮಡಿಸಿ ಹಿಂದಲೆಗೆ ಇಟ್ಟು, ಬೆನ್ನಿಗೆ ಕೈಕೊಟ್ಟು ಮಲಗಿಸಿದಳು. ಏರಿಯ ಇಳಿಜಾರಿನಲ್ಲಿ ಕಾಲು ಮೇಲಾಗಿ, ತಲೆ ಕೆಳಗಾಗಿ ಮಲಗಿದ ಮೇಲೆ ಅವನ ಬಗ್ಗಿದ ಮುಖ ನೆಟ್ಟಗೆ ಆಕಾಶಕ್ಕೆ ತಿರುಗಿತು.

ಮೊದಲು ಒಂದು ಹಕ್ಕಿ ಬಂತು. ಆಮೇಲೆ ಹತ್ತು. ಆಮೇಲೆ ಎಲ್ಲಿಂದ ಎಂದು ತಿಳಿಯದ ಹಾಗೆ, ಜರಡಿಯಿಂದ ಎಳ್ಳು ಉದುರಿದ ಹಾಗೆ, ದಿಕ್ಕೆಲ್ಲ ಹಕ್ಕಿಯಾಯಿತು. ಅವು ಸಾಲಾಗಿ ಬರಲಿಲ್ಲ. ಸುತ್ತಿದವು, ಹೆಣೆದುಕೊಂಡವು, ಬಿಚ್ಚಿಕೊಂಡವು. ಒಮ್ಮೆ ಎಲ್ಲವೂ ಒಟ್ಟಿಗೆ ಹೊರಳಿದಾಗ ಕಪ್ಪಾಗಿದ್ದದ್ದು ನೇರಳೆಯಾಯಿತು, ಮತ್ತೆ ಕಪ್ಪಾಯಿತು. ಕೊನೆಗೆ ಯಾರೋ ಆಕಾಶದ ತಳ ತೂತು ಮಾಡಿದ ಹಾಗೆ ಸುರುಳಿಯಾಗಿ ಜೊಂಡಿನೊಳಗೆ ಸುರಿದವು. ಜೊಂಡು ಬಾಗಿತು. ಗುಲ್ಲೋ ಗುಲ್ಲು.

ರೇವಪ್ಪಯ್ಯನ ಕಣ್ಣಿಂದ ನೀರು ಹರಿದು, ಮುಖ ತಲೆಕೆಳಗಾಗಿದ್ದರಿಂದ, ಹಣೆಯ ಮೇಲೆ ಹೋಗುತ್ತಿತ್ತು. "ಬಂದವು" ಎಂದ. ಇಷ್ಟು ಮೆಲ್ಲಗೆ ಆ ಮಾತನ್ನು ಯಾವ ಯಜಮಾನನೂ ಹೇಳಿರಲಿಲ್ಲ.

ಮರುದಿನ ಅವನು ಊರು ಸೇರಿಸಿದ. ಬೆಳ್ಳಿ ಕಟ್ಟಿನ ಕೋಲು ಊರಿಕೊಂಡು, ನೆಲ ನೋಡುತ್ತಲೇ, ಮೂಟೆ ಬಿದ್ದದ್ದು ಹೇಳಿದ. ಹಕ್ಕಿ ತೋಪಿಗೆ ಬರುತ್ತಿಲ್ಲ, ಕಹಳೆಗೆ ಹೆದರಿ ಹೋಗಿವೆ, ಜೊಂಡಿನ ಕೆರೆಯಲ್ಲಿವೆ, ಏರಿಯ ಮೇಲೆ ಅಂಗಾತ ಮಲಗಿ ನಾನೇ ನೋಡಿದೆ, ಬನ್ನಿ, ಎಲ್ಲರೂ ಅಲ್ಲಿಗೆ ಹೋಗೋಣ ಎಂದ.

ಹಾಗಾದರೆ ಇಷ್ಟು ದಿನ ತಾವು 'ಆಹಾ' ಎಂದದ್ದು ಯಾವುದಕ್ಕೆ ಎಂಬ ಪ್ರಶ್ನೆ ಎಲ್ಲರ ಎದುರಿಗೂ ನಿಂತಿತ್ತು. ಅದಕ್ಕೆ ಉತ್ತರ ಕೊಡುವುದಕ್ಕಿಂತ ಸಿಟ್ಟು ಮಾಡುವುದು ಸುಲಭವಾಗಿತ್ತು.

"ತಾವು ನಿನ್ನೆ ಹಕ್ಕಿ ನೋಡಿದಿರಾ?" ಎಂದು ಕೇಳಿದ ಭುಜಂಗರಾಯ, ಬಹಳ ವಿನಯದಿಂದ.

"ನೋಡಿದೆ."

"ಊರಿನವರನ್ನು ಬಿಟ್ಟು? ಬಯಲು ಬಿಟ್ಟು ಬೇರೆ ಕಡೆಯಿಂದ? ಮಣ್ಣಿನಲ್ಲಿ ಮಲಗಿ?"

"ಹೌದು."

"ಕೇಳಿದಿರಲ್ಲ" ಎಂದು ಭುಜಂಗರಾಯ ಊರಿನ ಕಡೆ ತಿರುಗಿದ. ಅಷ್ಟೇ ಸಾಕಾಯಿತು. ಕೋಲು ರೇವಪ್ಪಯ್ಯನ ಕೈಯಿಂದ ಭುಜಂಗರಾಯನ ಕೈಗೆ ಹೋಯಿತು. ದಾರಿ ತೋರಿಸಿದ ಸಂಕವ್ವನ ಕೆಲಸವೂ ಹೋಯಿತು. ಭುಜಂಗರಾಯ ಸುಣ್ಣ ಚಿಮುಕಿಸಲು ಬೇರೆಯವರನ್ನು ಇಟ್ಟ, ಗುಡಿಸಲು ಮತ್ತೊಬ್ಬರನ್ನು.

ಹೊಸ ಯಜಮಾನನ ಮೊದಲ ಸಂಜೆ ಊರು ಹಬ್ಬದಂತೆ ನೆರೆಯಿತು. ಭುಜಂಗರಾಯನದು ಗಟ್ಟಿ ಕುತ್ತಿಗೆ. ಇವತ್ತು ತಲೆ ಏಳುತ್ತದೆ, ಇವತ್ತು ನೋಡುತ್ತೇವೆ ಎಂದು ಜನ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾದರು. ಕಹಳೆ ಊದಿತು. ಭುಜಂಗರಾಯ ಲೆಕ್ಕ ಹಾಕಿದ. ತಾನು ತಲೆ ಎತ್ತಿದರೆ ಊರು ತಲೆ ಎತ್ತುತ್ತದೆ. ಊರು ತಲೆ ಎತ್ತಿದರೆ ಬರಿಯ ಹುಣಸೆಮರ ಕಾಣುತ್ತದೆ. ಗಟ್ಟಿ ಕುತ್ತಿಗೆಯನ್ನು ಇನ್ನೂ ಗಟ್ಟಿಯಾಗಿ ಬಗ್ಗಿಸಿ, "ಬಂದವು" ಎಂದ.

"ಬಂದವು" ಎಂದಿತು ಊರು. ಆದರೆ ಈ ಸಲ ಆ ದನಿ ಸ್ವಲ್ಪ ತೆಳುವಾಗಿತ್ತು.

ಆಮೇಲೆ ಒಬ್ಬೊಬ್ಬರಾಗಿ ಜೊಂಡಿನ ಕೆರೆಗೆ ಬರತೊಡಗಿದರು. ಮೊದಲು ಬಂದದ್ದು ಅಂದು ಅತ್ತಿದ್ದ ಆ ಮುದುಕಿ. ಎಮ್ಮೆ ಹುಡುಕಿಕೊಂಡು ಬಂದೆ ಎಂದಳು. ಅವಳಿಗೆ ಎಮ್ಮೆ ಇರಲಿಲ್ಲ. ಸಂಕವ್ವ ಏನೂ ಕೇಳದೆ ರೇವಪ್ಪಯ್ಯನ ಪಕ್ಕದಲ್ಲಿ ಹುಲ್ಲು ಹರವಿ ಜಾಗ ಮಾಡಿದಳು. ಮರುದಿನ ಕುಂಬಾರ ಮಣ್ಣು ನೋಡಲು ಬಂದ. ನಾಟಿ ವೈದ್ಯ ಬೇರು ಕೀಳಲು ಬಂದ. ಒಬ್ಬರ ಮುಖ ಒಬ್ಬರು ನೋಡದೆ ಏರಿಯ ಮೇಲೆ ಸಾಲಾಗಿ ಅಂಗಾತ ಮಲಗಿದರು. ಬಯಲಿನಿಂದ ಎದ್ದು ಬರುವುದು ಕಷ್ಟವೇ ಆಗಿರಲಿಲ್ಲ. ಪಕ್ಕದವನು ತಲೆ ತಗ್ಗಿಸಿದ್ದಾನೆ ಎಂಬ ನಂಬಿಕೆಯಿಂದಲೇ ಪ್ರತಿಯೊಬ್ಬನೂ ಎದ್ದು ಹೋಗುತ್ತಿದ್ದ.

ಭುಜಂಗರಾಯನ ಹೆಂಡತಿ ಗಂಗಾಬಾಯಿಯೂ ಬಂದಳು. ಅವಳು ಯಾವ ನೆಪವನ್ನೂ ಹೇಳಲಿಲ್ಲ. ಎರಡು ಕೈ ತಲೆಯ ಕೆಳಗಿಟ್ಟುಕೊಂಡು ಮಲಗಿ, ಹಕ್ಕಿ ನೋಡಿ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಹೋದಳು. ಅವಳ ಜಡೆಯಲ್ಲಿ ಒಣಹುಲ್ಲಿನ ಎಸಳು ಸಿಕ್ಕಿಕೊಂಡಿದ್ದನ್ನು ಭುಜಂಗರಾಯ ನೋಡಿದ. ಬೈಯಲಿಲ್ಲ. ಊಟಕ್ಕೆ ಕೂತು, ತಟ್ಟೆ ನೋಡುತ್ತ, ಮೆಲ್ಲಗೆ ಕೇಳಿದ: "ಹೇಗೆ ಇಳಿದವು?"

"ಸಾಲಿಲ್ಲ ಗೀಲಿಲ್ಲ. ಸುಳಿ ಹಾಗೆ ಇಳೀತಾವೆ."

"ಬಣ್ಣ?"

"ಹೊರಳಿದಾಗ ಒಂದು, ತಿರುಗಿದಾಗ ಒಂದು. ಹೇಳೋಕೆ ಬರಲ್ಲ ರೀ. ನೀವೇ ಒಂದು ದಿನ ಬನ್ನಿ."

"ನಾನು ಬಂದರೆ ಊರಿಗೆ ಹೇಳೋರು ಯಾರು?" ಎಂದ ಭುಜಂಗರಾಯ. ಆ ಹೊತ್ತಿಗೆ ಅವನ ದನಿಯಲ್ಲಿ ಜಂಬ ಇರಲಿಲ್ಲ. ದಿನವೂ ಊಟದ ಹೊತ್ತಿಗೆ ಅವನು ಕೇಳುವನು, ಅವಳು ಹೇಳುವಳು. ಅವನ ವರ್ಣನೆ ದಿನದಿಂದ ದಿನಕ್ಕೆ ಚೆನ್ನಾಗುತ್ತ ಹೋಯಿತು. ಮೂಡಣದ ಸಾಲು, ಪಡುವಣದ ಸಾಲು ಎಲ್ಲ ಬಿಟ್ಟುಹೋದವು.

ಮುಗಿಲು ಕಟ್ಟಿದ ಒಂದು ಸಂಜೆ. ನಾಳೆ ಮಳೆ ಎಂದು ಎಲ್ಲರಿಗೂ ತಿಳಿಯುವಂಥ ಗಾಳಿ. ಭುಜಂಗರಾಯ ಬಯಲಿನ ಮುಂದೆ ತಲೆ ತಗ್ಗಿಸಿ ಕೂತಿದ್ದ. ಕಹಳೆ ಊದಲಿಲ್ಲ. ಕಹಳೆಯವರು ತಡವಾಗಿರಬೇಕು ಎಂದುಕೊಂಡ. ಹೊತ್ತು ಮುಳುಗಿತು. "ಬಂದವು" ಎಂದ.

ಯಾರೂ "ಬಂದವು" ಎನ್ನಲಿಲ್ಲ.

ಹಿಂದೆ ಯಾರಾದರೂ ಇದ್ದಾರೋ ಇಲ್ಲವೋ ತಿಳಿಯಲು ಒಮ್ಮೆ ತಲೆ ಎತ್ತಿ ತಿರುಗಿದ್ದರೆ ಸಾಕಾಗಿತ್ತು. ಊರಿನಲ್ಲಿ ಹಾಗೆ ಮಾಡುವ ಹಕ್ಕಿದ್ದವನು ಅವನೊಬ್ಬನೇ. ಅವನು ತಲೆ ಎತ್ತಲಿಲ್ಲ. ತನ್ನ ಮಂಡಿಗಳನ್ನು ನೋಡುತ್ತ ವರ್ಣನೆ ಶುರು ಮಾಡಿದ. ಮೊದಲು ಒಂದು ಹಕ್ಕಿ ಬರುವುದನ್ನು ಹೇಳಿದ, ಆಮೇಲೆ ಹತ್ತು, ಆಮೇಲೆ ದಿಕ್ಕೆಲ್ಲ ತುಂಬುವುದು, ಕಪ್ಪು ಹೊರಳಿ ನೇರಳೆಯಾಗುವುದು, ಸುಳಿಯಾಗಿ ಇಳಿಯುವುದು, ಭಾರಕ್ಕೆ ಜೊಂಡು ಬಾಗುವುದು. ಹುಣಸೆತೋಪಿನ ಎದುರು ಕೂತು ಜೊಂಡು ಎಂದುಬಿಟ್ಟದ್ದು ಅವನಿಗೆ ಗೊತ್ತಾಗಲಿಲ್ಲ. ಪೂರ್ತಿ ಕತ್ತಲಾದರೂ ನಿಲ್ಲಿಸಲಿಲ್ಲ. ಅಷ್ಟು ವರ್ಷಗಳಲ್ಲಿ ಅವನು ಅಷ್ಟು ಚೆನ್ನಾಗಿ ಎಂದೂ ಮಾತಾಡಿರಲಿಲ್ಲ. ಅಂದು ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ, ಮತ್ತು ಕೇಳಲು ಬಯಲಿನಲ್ಲಿ ಒಬ್ಬರೂ ಇರಲಿಲ್ಲ.